ಕ್ಯಾಂಡಿಡಾ ವಿರೋಧಿ ಪಥ್ಯ: ಆಹಾರದ ಆಯ್ಕೆ ಮತ್ತು ಅದರ ಆಧಾರ

ಕರುಳಿನಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ಮಿತಿಮೀರಿ ಬೆಳೆದಿದೆ, ದೇಹದ ಹಲವು ತೊಂದರೆಗಳಿಗೆ ಅದೇ ಮೂಲ ಎಂದು ಭಾವಿಸಿ, ಅದಕ್ಕೆ ಆಹಾರ ಸಿಗದಂತೆ ಮಾಡಲು ರೂಪಿಸಿದ ಊಟದ ಕ್ರಮವೇ ಕ್ಯಾಂಡಿಡಾ ವಿರೋಧಿ ಪಥ್ಯ. ದೇಹಶುದ್ಧಿಯ ಪಥ್ಯ, ಕ್ಯಾಂಡಿಡಾ ಡಿಟಾಕ್ಸ್ ಎಂಬ ಹೆಸರುಗಳೂ ಇದಕ್ಕುಂಟು. ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನಡೆಯುವ ಈ ಕ್ರಮದಲ್ಲಿ ಸಕ್ಕರೆ, ಬೆಲ್ಲ, ಜೇನುತುಪ್ಪ, ಹೆಚ್ಚಿನ ಹಣ್ಣುಗಳು, ಮೈದಾ, ಯೀಸ್ಟ್ ಹಾಕಿ ಉಬ್ಬಿಸಿದ ಬ್ರೆಡ್, ಮದ್ಯ, ವಿನೆಗರ್, ಅಣಬೆ, ಹಳೆಯ ಚೀಸ್, ಆಲೂಗಡ್ಡೆಯಂಥ ಪಿಷ್ಟದ ತರಕಾರಿ, ಕಡಲೆಕಾಯಿ ಇವೆಲ್ಲ ವರ್ಜ್ಯ. ಸೊಪ್ಪು, ಪಿಷ್ಟ ಕಡಿಮೆಯಿರುವ ತರಕಾರಿ, ಮೊಟ್ಟೆ, ಮೀನು, ಕೆಲವು ಕಿರುಧಾನ್ಯ, ಸಿಹಿ ಹಾಕದ ಮೊಸರು, ತೆಂಗಿನೆಣ್ಣೆ, ಬೆಳ್ಳುಳ್ಳಿ ಇವು ಗ್ರಾಹ್ಯ. ಬರೆದವರು ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ಒಬ್ಬರು ಪೂರ್ತಿ ನಿಷೇಧಿಸಿದ ಕಾಫಿಯನ್ನೋ ಸೇಬನ್ನೋ ಇನ್ನೊಬ್ಬರು ಕೆಲವು ವಾರ ಕಳೆದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಆದರೆ ಎಲ್ಲ ಪಟ್ಟಿಗಳ ಹಿಂದಿರುವ ಪ್ರಶ್ನೆ ಒಂದೇ: ಈ ಪದಾರ್ಥ ಯೀಸ್ಟಿಗೆ ಆಹಾರವಾಗುತ್ತದೆಯೇ? ಪಥ್ಯದ ದೌರ್ಬಲ್ಯ ಇರುವುದು ಆ ಪ್ರಶ್ನೆಯಲ್ಲಿಯೇ. ಕ್ಯಾಂಡಿಡಾ ಸುಮ್ಮನಿರುವುದೂ ಕಾಯಿಲೆ ತರುವುದೂ ಬಹುಮಟ್ಟಿಗೆ ಅದು ನೆಲೆಸಿದ ದೇಹದ ಸ್ಥಿತಿಯನ್ನು ಅವಲಂಬಿಸಿದೆ. ಹಾಗಾಗಿ ತಟ್ಟೆಗೆ ಏನು ಬರಬೇಕೆಂದು ನಿರ್ಧರಿಸುವಾಗ ನೋಡಬೇಕಾದದ್ದು ಉಣ್ಣುವವರ ದೇಹವನ್ನು.

ಕ್ಯಾಂಡಿಡಾ ಹೊರಗಿನಿಂದ ನುಗ್ಗಿದ ಶತ್ರುವಲ್ಲ. ಆರೋಗ್ಯವಂತರಲ್ಲಿ ಸುಮಾರು ಅರ್ಧದಷ್ಟು ಜನರ ಬಾಯಿಯಲ್ಲೋ ಕರುಳಿನಲ್ಲೋ ಅದು ಯಾವ ತಕರಾರೂ ಇಲ್ಲದೆ ಬದುಕಿರುತ್ತದೆ. ಬಾಯಿಯೊಳಗಿನ ಬಿಳಿ ಪದರಕ್ಕೆ ಶಿಲೀಂಧ್ರದ ಸಂಬಂಧವಿದೆ ಎಂಬುದನ್ನು 1839ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ವಿಷಮಶೀತ ಜ್ವರದ ರೋಗಿಯೊಬ್ಬನಲ್ಲಿ ಗಮನಿಸಿದ. ಕ್ಯಾಂಡಿಡಾ ಎಂಬ ಕುಲನಾಮವನ್ನು 1923ರಲ್ಲಿ ಕೊಟ್ಟವರು ನೆದರ್ಲೆಂಡ್ಸಿನ ಕ್ರಿಸ್ಟಿನ್ ಬರ್ಕ್‌ಹೌಟ್. ಕರುಳಿನ ಬ್ಯಾಕ್ಟೀರಿಯಾಗಳು, ಲೋಳೆಪೊರೆಯ ಕೋಶಗಳು, ರಕ್ತದ ಬಿಳಿಯ ಕಣಗಳು ಒಟ್ಟಾಗಿ ಈ ಯೀಸ್ಟನ್ನು ಹದ್ದಿನಲ್ಲಿಡುತ್ತವೆ. ಆಂಟಿಬಯಾಟಿಕ್ ಔಷಧ ಆ ಬ್ಯಾಕ್ಟೀರಿಯಾಗಳನ್ನು ಕೊಂದಾಗ, ಸ್ಟೀರಾಯ್ಡ್ ಅಥವಾ ಕಿಮೊಥೆರಪಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ, ಮಧುಮೇಹ ಹತೋಟಿ ತಪ್ಪಿದಾಗ, ಗರ್ಭಧಾರಣೆಯ ಹಾರ್ಮೋನುಗಳು ಏರಿದಾಗ ಅದಕ್ಕೆ ಜಾಗ ಸಿಗುತ್ತದೆ. ಎಳೆಗೂಸಿನ ನಾಲಿಗೆಯ ಮೇಲೆ ಮೊಸರಿನಂತೆ ಕಟ್ಟುವ ಬಿಳಿ ಪದರ, ಯೋನಿಯ ತುರಿಕೆ ಮತ್ತು ಗಟ್ಟಿ ಬಿಳಿ ಸ್ರಾವ, ಕೃತಕ ದಂತಪಂಕ್ತಿಯ ಅಡಿಯ ಕೆಂಪು ಉರಿ, ಎಚ್‌ಐವಿ ಮುಂದುವರಿದವರಲ್ಲಿ ಕಾಣುವ ಅನ್ನನಾಳದ ಸೋಂಕು ಇವೆಲ್ಲ ಕಣ್ಣಿಗೆ ಕಾಣುವ, ಪರೀಕ್ಷೆಯಲ್ಲಿ ಸಿಗುವ, ಔಷಧಕ್ಕೆ ಬಗ್ಗುವ ಕಾಯಿಲೆಗಳು. ನಾಲ್ಕರಲ್ಲಿ ಮೂವರು ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಯೋನಿಯ ಕ್ಯಾಂಡಿಡಾ ಸೋಂಕು ಬರುತ್ತದೆಂಬ ಅಂದಾಜಿದೆ. ತೀವ್ರ ನಿಗಾ ಘಟಕದ ರೋಗಿಗಳ ರಕ್ತಕ್ಕೆ ಇಳಿದರೆ ಇದೇ ಯೀಸ್ಟ್ ಪ್ರಾಣಾಂತಿಕ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೊದಲ ಗುಂಪಿನಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಮತ್ತು ಕ್ಯಾಂಡಿಡಾ ಆರಿಸ್ ಎರಡೂ ಇವೆ. ಪಥ್ಯದ ಪುಸ್ತಕಗಳು ಹೇಳುವ ಕಾಯಿಲೆ ಇವುಗಳಲ್ಲಿ ಯಾವುದೂ ಅಲ್ಲ. ಅದು ದಣಿವು, ಹೊಟ್ಟೆಯುಬ್ಬರ, ತಲೆನೋವು, ಮರೆವು, ಖಿನ್ನತೆ, ಚರ್ಮದ ದದ್ದು, ಸಿಹಿಯ ಹಂಬಲ ಇಷ್ಟನ್ನೂ ಒಂದೇ ದಾರಕ್ಕೆ ಪೋಣಿಸಿದ ಕಾಯಿಲೆ.

ಆ ದಾರ ಹೊಸೆದದ್ದು ಅಮೆರಿಕದ ಇಬ್ಬರು ವೈದ್ಯರು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಸಿ. ಓರಿಯನ್ ಟ್ರಸ್ 1978ರಿಂದ ಬರೆದ ಲೇಖನಗಳಲ್ಲಿ, ಕರುಳಿನ ಯೀಸ್ಟ್ ಹೊರಸೂಸುವ ವಸ್ತುಗಳು ಮನಸ್ಸು ಮತ್ತು ಹಾರ್ಮೋನುಗಳನ್ನೂ ಕೆಡಿಸುತ್ತವೆ ಎಂದು ವಾದಿಸಿದರು. ಟೆನೆಸಿ ರಾಜ್ಯದ ಮಕ್ಕಳ ವೈದ್ಯ ವಿಲಿಯಂ ಕ್ರುಕ್ 1983ರಲ್ಲಿ ತಂದ ‘ದಿ ಯೀಸ್ಟ್ ಕನೆಕ್ಷನ್’ ಈ ವಿಚಾರವನ್ನು ಮನೆಮನೆಗೆ ಒಯ್ದಿತು. ಪುಸ್ತಕದಲ್ಲಿ ಓದುಗರೇ ತುಂಬಿ ಅಂಕ ಹಾಕಿಕೊಳ್ಳುವ ಪ್ರಶ್ನಾವಳಿ ಇತ್ತು. ಯಾವಾಗಲಾದರೂ ಆಂಟಿಬಯಾಟಿಕ್ ತಿಂದ, ಆಗಾಗ ದಣಿಯುವ, ಸಿಹಿ ಇಷ್ಟಪಡುವ ಯಾರಿಗಾದರೂ ಅದರಲ್ಲಿ ಒಳ್ಳೆಯ ಅಂಕವೇ ಬರುತ್ತಿತ್ತು. 1986ರಲ್ಲಿ ಅಮೆರಿಕದ ಅಲರ್ಜಿ ಮತ್ತು ರೋಗನಿರೋಧ ಶಾಸ್ತ್ರದ ಅಕಾಡೆಮಿ ಈ ಕಲ್ಪನೆಯನ್ನು ಪುರಾವೆಯಿಲ್ಲದ ಊಹೆ ಎಂದು ಕರೆಯಿತು. ನಾಲ್ಕು ವರ್ಷದ ನಂತರ, ಟ್ರಸ್ ಅವರ ಊರಿನದೇ ಅಲಬಾಮಾ ವಿಶ್ವವಿದ್ಯಾಲಯದ ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಈ ಕಾಯಿಲೆ ಇದೆಯೆಂದು ಹೇಳಲಾದ 42 ಹೆಂಗಸರಿಗೆ, ಯಾವುದು ಯಾವುದೆಂದು ವೈದ್ಯರಿಗೂ ರೋಗಿಗಳಿಗೂ ತಿಳಿಯದ ಹಾಗೆ, ಶಿಲೀಂಧ್ರನಾಶಕ ನಿಸ್ಟಾಟಿನ್ ಮತ್ತು ಹುಸಿಔಷಧವನ್ನು ಬದಲಿಸಿ ಬದಲಿಸಿ ಕೊಡಲಾಗಿತ್ತು. ಯೋನಿಯ ತೊಂದರೆಗೆ ನಿಸ್ಟಾಟಿನ್ ಹೆಚ್ಚು ಉಪಕಾರಿಯಾಯಿತು. ದಣಿವು, ಖಿನ್ನತೆಯಂಥ ಸರ್ವಾಂಗದ ಲಕ್ಷಣಗಳು ಮಾತ್ರ ನಿಸ್ಟಾಟಿನ್‌ನಿಂದ ಎಷ್ಟು ಇಳಿದವೋ ಹುಸಿಔಷಧದಿಂದಲೂ ಅಷ್ಟೇ ಇಳಿದವು. ಯೀಸ್ಟನ್ನು ನೇರವಾಗಿ ಕೊಲ್ಲುವ ಔಷಧವೇ ಈ ಲಕ್ಷಣಗಳಲ್ಲಿ ಹುಸಿಔಷಧಕ್ಕಿಂತ ಮೇಲಾಗದಿದ್ದ ಮೇಲೆ, ಯೀಸ್ಟಿನ ಅನ್ನ ಕಿತ್ತುಕೊಳ್ಳುತ್ತೇನೆನ್ನುವ ಪಥ್ಯದಿಂದ ಅವು ಇಳಿಯಲು ಬೇರೆ ಕಾರಣವಿರಬೇಕು. ಇದರಿಂದ ಚಳವಳಿ ನಿಲ್ಲಲಿಲ್ಲ. ಪುಸ್ತಕಗಳ ಮಾರಾಟಕ್ಕೆ ಪ್ರಯೋಗದ ಫಲ ಅಡ್ಡಬರುವುದು ಅಪರೂಪ.

ಪಥ್ಯದ ಕೇಂದ್ರ ಸೂತ್ರ ಸಕ್ಕರೆ ಬಿಡುವುದು. ಯೀಸ್ಟಿಗೆ ಸಕ್ಕರೆ ಪ್ರಿಯ, ಸಕ್ಕರೆ ನಿಲ್ಲಿಸಿದರೆ ಅದು ಹಸಿದು ಸಾಯುತ್ತದೆ ಎಂಬ ತರ್ಕ ಕೇಳುವುದಕ್ಕೆ ಸರಳ. ಆದರೆ ತಿಂದ ಸಕ್ಕರೆ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿದರೆ ತರ್ಕ ಸಡಿಲವಾಗುತ್ತದೆ. ಆರೋಗ್ಯವಂತರಲ್ಲಿ ಸಕ್ಕರೆಯೂ ಅನ್ನ, ಮುದ್ದೆಗಳ ಪಿಷ್ಟದ ಬಹುಭಾಗವೂ ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತಕ್ಕೆ ಸೇರಿಬಿಡುತ್ತವೆ. ಸೂಕ್ಷ್ಮಜೀವಿಗಳು ಕಿಕ್ಕಿರಿದಿರುವ ದೊಡ್ಡ ಕರುಳಿಗೆ ತಲುಪುವುದು ಮುಖ್ಯವಾಗಿ ನಾರು ಮತ್ತು ಜೀರ್ಣವಾಗದ ಪಿಷ್ಟ. ರಕ್ತಕ್ಕೆ ಸೇರಿದ ಗ್ಲೂಕೋಸನ್ನು ದೇಹ ತನ್ನ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಸಕ್ಕರೆ ಮುಟ್ಟದೆ ಇಡೀ ದಿನ ಉಪವಾಸವಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಇಲ್ಲದಿದ್ದರೆ ಮೆದುಳು ನಡೆಯುವುದಿಲ್ಲ. ಇನ್ನು ಯೀಸ್ಟಾದರೂ ಸಕ್ಕರೆಯೊಂದನ್ನೇ ನೆಚ್ಚಿಕೊಂಡ ಜೀವಿಯಲ್ಲ. ಕ್ಯಾಂಡಿಡಾ ಆಲ್ಬಿಕನ್ಸ್ ಅಮೈನೋ ಆಮ್ಲ, ಕೊಬ್ಬಿನ ಆಮ್ಲ, ಲ್ಯಾಕ್ಟೇಟ್ ಇವುಗಳಿಂದಲೂ ಜೀವಿಸಬಲ್ಲದು. ಎರಡು ಇಂಗಾಲದ ಸಣ್ಣ ಅಣುಗಳಿಂದ ಸಕ್ಕರೆಯನ್ನು ಕಟ್ಟಿಕೊಳ್ಳಲು ಬೇಕಾದ ಗ್ಲೈಆಕ್ಸಿಲೇಟ್ ಚಕ್ರ ಅದರಲ್ಲಿದೆ. ಈ ಚಕ್ರ ಕೆಡಿಸಿದ ಯೀಸ್ಟಿನ ರೋಗಕಾರಕ ಶಕ್ತಿ ಇಲಿಗಳಲ್ಲಿ ಕುಗ್ಗುತ್ತದೆಂದು ಲೊರೆನ್ಸ್ ಮತ್ತು ಫಿಂಕ್ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಅಂದರೆ ಸೋಂಕಿನ ಹೊತ್ತಿನಲ್ಲಿ ಈ ಜೀವಿ ಸಕ್ಕರೆಯ ಅಭಾವವನ್ನು ಎದುರಿಸಲು ಸಜ್ಜಾಗಿಯೇ ಬರುತ್ತದೆ. ನೇರ ಪರೀಕ್ಷೆಯೂ ನಡೆದಿದೆ. ಜರ್ಮನಿಯ ಸಂಶೋಧಕರು 28 ಆರೋಗ್ಯವಂತರಿಗೆ ಸಂಸ್ಕರಿಸಿದ ಸಕ್ಕರೆಯನ್ನು ಧಾರಾಳವಾಗಿ ಸೇರಿಸಿ ಉಣಿಸಿ, ಬಾಯಿ ಮತ್ತು ಮಲದಲ್ಲಿನ ಕ್ಯಾಂಡಿಡಾ ಎಣಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದರ ಪರಿಣಾಮ ತೀರ ಸೀಮಿತ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದು: ಸಕ್ಕರೆಗೂ ಕ್ಯಾಂಡಿಡಾಕ್ಕೂ ನಂಟಿಲ್ಲವೆಂದಾದರೆ ಸಕ್ಕರೆ ಕಾಯಿಲೆಯವರಿಗೇ ಈ ಸೋಂಕು ಹೆಚ್ಚು ಬರುವುದೇಕೆ? ನಂಟು ಖಂಡಿತ ಇದೆ. ಆದರೆ ಅದು ಊಟದ ಸಕ್ಕರೆಗಿಂತ ಮಿಗಿಲಾಗಿ ಅಂಗಾಂಶದಲ್ಲಿ, ಮೂತ್ರದಲ್ಲಿ ಉಳಿದುಹೋಗುವ ಗ್ಲೂಕೋಸಿನ ಜೊತೆಗಿನ ನಂಟು. ರಕ್ತದ ಗ್ಲೂಕೋಸ್ ಸತತವಾಗಿ ಏರಿದ್ದಾಗ ಬಿಳಿಯ ರಕ್ತಕಣಗಳ ಚುರುಕು ತಗ್ಗುತ್ತದೆ, ಮೂತ್ರಕ್ಕೂ ಜನನಾಂಗದ ಸ್ರಾವಕ್ಕೂ ಗ್ಲೂಕೋಸ್ ಇಳಿಯುತ್ತದೆ. ಇದಕ್ಕೆ ಔಷಧಶಾಸ್ತ್ರವೇ ಒಂದು ಸಾಕ್ಷಿ ಒದಗಿಸಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಗುಳಿಗೆಗಳು ರಕ್ತದ ಗ್ಲೂಕೋಸನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಅವನ್ನು ಸೇವಿಸುವವರಲ್ಲಿ ಜನನಾಂಗದ ಯೀಸ್ಟ್ ಸೋಂಕು ಹೆಚ್ಚುವುದು ಚೆನ್ನಾಗಿ ದಾಖಲಾದ ಅಡ್ಡಪರಿಣಾಮ. ಆ ರೋಗಿ ಸಿಹಿ ಮುಟ್ಟದವರೇ ಆಗಿರಬಹುದು, ಆದರೂ ಗ್ಲೂಕೋಸ್ ಹರಿದ ಜಾಗದಲ್ಲಿ ಯೀಸ್ಟ್ ಬೆಳೆಯುತ್ತದೆ. ಹಾಗಾಗಿ ಸೋಂಕು ಪದೇ ಪದೇ ಮರುಕಳಿಸುವವರಿಗೆ ಮೊದಲು ಬೇಕಾದದ್ದು ರಕ್ತದ ಗ್ಲೂಕೋಸ್ ಪರೀಕ್ಷೆ, ಮಧುಮೇಹವಿದ್ದರೆ ಅದರ ಹತೋಟಿ. ಹತೋಟಿಯ ಭಾಗವಾಗಿ ಊಟದ ಸಕ್ಕರೆ ಕಡಿತ ಬಂದೇ ಬರುತ್ತದೆ. ಬಾಯಿಯ ವಿಷಯದಲ್ಲೂ ಸ್ವಲ್ಪ ವಿನಾಯಿತಿ ಬೇಕು, ಏಕೆಂದರೆ ಅಲ್ಲಿ ಸಕ್ಕರೆ ಜೀರ್ಣವಾಗುವ ಮೊದಲೇ ಯೀಸ್ಟಿಗೆ ಸಿಗುತ್ತದೆ. ಕೃತಕ ದಂತದ ಅಕ್ರಿಲಿಕ್‌ಗೆ ಕ್ಯಾಂಡಿಡಾ ಅಂಟಿಕೊಳ್ಳಲು ಸಕ್ಕರೆ ನೆರವಾಗುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಹಲ್ಲಿನ ಸೆಟ್ಟು ಹಾಕುವ ಹಿರಿಯರು ಪೆಪ್ಪರಮೆಂಟು ಚೀಪುತ್ತ ಕೂರುವುದನ್ನು ಬಿಡುವುದು, ರಾತ್ರಿ ಸೆಟ್ಟು ತೆಗೆದು ತೊಳೆದಿಡುವುದು ಎರಡಕ್ಕೂ ಅರ್ಥವಿದೆ.

ಎರಡನೆಯ ಆಕ್ಷೇಪಣೆ ಈಚಿನ ಸಂಶೋಧನೆಗಳನ್ನು ಮುಂದಿಡುತ್ತದೆ. 2013ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಕರುಳಿನ ಶಿಲೀಂಧ್ರಗಳನ್ನು ವಂಶವಾಹಿ ವಿಧಾನದಿಂದ ಗುರುತಿಸಿ, ಈಚೆಗೆ ಕಾರ್ಬೊಹೈಡ್ರೇಟ್ ಹೆಚ್ಚು ತಿಂದವರಲ್ಲಿ ಕ್ಯಾಂಡಿಡಾ ಹೆಚ್ಚು ಕಾಣುತ್ತದೆಂದು ವರದಿ ಮಾಡಿತು. 2018ರಲ್ಲಿ ಸರ್ಬಿಯಾದ ಒಂದು ಆರಂಭಿಕ ಅಧ್ಯಯನ, ನಿಸ್ಟಾಟಿನ್ ಜೊತೆಗೆ ಪಥ್ಯವನ್ನೂ ಮಾಡಿದವರ ಕರುಳಿನಲ್ಲಿ ಯೀಸ್ಟ್ ಮರಳಿ ಬೆಳೆಯುವುದು ಕಡಿಮೆ ಎಂದಿತು. ಇವನ್ನು ತಳ್ಳಿಹಾಕಬೇಕಿಲ್ಲ. ಆದರೆ ಮೊದಲನೆಯದು ಎರಡು ಸಂಗತಿಗಳು ಜೊತೆಗೆ ಕಾಣುವುದನ್ನಷ್ಟೇ ಹೇಳುತ್ತದೆ. ಅಲ್ಲಿ ಪರೀಕ್ಷೆಗೊಳಗಾದವರು ಆರೋಗ್ಯವಂತರು, ಅವರಿಗೆ ಆ ಕ್ಯಾಂಡಿಡಾದಿಂದ ಯಾವ ಕಾಯಿಲೆಯೂ ಇರಲಿಲ್ಲ. ಎರಡನೆಯದು ಮಲದ ಯೀಸ್ಟ್ ಕಡಿಮೆಯಾಗುವುದನ್ನೇ ಗುಣವೆಂದು ಎಣಿಸುತ್ತದೆ. ಮಲದಲ್ಲಿ ಯೀಸ್ಟ್ ಇರುವುದೇ ರೋಗವೆಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ. ಪಥ್ಯಕ್ಕೆ ನಿಜವಾದ ಚಿಕಿತ್ಸೆಯ ಸ್ಥಾನವಿರುವ ಒಂದು ಸ್ಥಿತಿ ಇದೆ, ಅದು ಬಹಳ ಅಪರೂಪದ್ದು: ಕರುಳಿನ ಯೀಸ್ಟ್ ಪಿಷ್ಟವನ್ನು ಹುದುಗಿಸಿ ಮದ್ಯಸಾರ ತಯಾರಿಸಿ, ಕುಡಿಯದವರಿಗೂ ಅಮಲೇರಿಸುವ ಕಾಯಿಲೆ. 2013ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ವರದಿಯಾದ ಇಂಥ ಪ್ರಸಂಗದಲ್ಲಿ ಸಿಕ್ಕಿದ್ದು ಕ್ಯಾಂಡಿಡಾ ಅಲ್ಲ, ಬ್ರೆಡ್ಡು ಬಿಯರುಗಳ ಯೀಸ್ಟಾದ ಸ್ಯಾಕರೋಮೈಸಿಸ್. ಅಲ್ಲಿ ಶಿಲೀಂಧ್ರನಾಶಕದ ಜೊತೆಗೆ ಪಿಷ್ಟ ಕಡಿತವೂ ಚಿಕಿತ್ಸೆಯ ಭಾಗ. ಆದರೆ ಆ ರೋಗವನ್ನು ಪತ್ತೆಮಾಡುವುದು ಗ್ಲೂಕೋಸ್ ಕುಡಿಸಿ ರಕ್ತದ ಮದ್ಯಸಾರ ಅಳೆಯುವ ಮೂಲಕ. ಹೊಟ್ಟೆಯುಬ್ಬರ ನೋಡಿ ಊಹಿಸುವುದರ ಮೂಲಕ ಅಲ್ಲ.

ವರ್ಜ್ಯ ಪಟ್ಟಿಯ ಉಳಿದ ಪದಾರ್ಥಗಳಿಗೆ ಇಷ್ಟು ಆಧಾರವೂ ಇಲ್ಲ. ಬ್ರೆಡ್ಡಿನ ಯೀಸ್ಟ್ ಬೇರೆ, ಕ್ಯಾಂಡಿಡಾ ಬೇರೆ. ಮೇಲಾಗಿ ಒಲೆಯಲ್ಲಿ ಬೇಯುವಾಗ ಬ್ರೆಡ್ಡಿನ ಯೀಸ್ಟ್ ಸತ್ತಿರುತ್ತದೆ. ಅಣಬೆಯೂ ಶಿಲೀಂಧ್ರವೇ ಆದ್ದರಿಂದ ಅದು ಯೀಸ್ಟಿಗೆ ಪೂರಕ ಎಂಬುದು ಬಂಧುತ್ವದ ಮೇಲೆ ಹೂಡಿದ ಆರೋಪ, ಅದೂ ದೂರದ ಬಂಧುತ್ವ. ವಿನೆಗರಿನ ಅಸೆಟಿಕ್ ಆಮ್ಲ ಯೀಸ್ಟನ್ನು ಪೋಷಿಸುವುದಕ್ಕಿಂತ ತಡೆಯುವ ಸಂಭವವೇ ಹೆಚ್ಚು. ಉಪ್ಪಿನಕಾಯಿಗೆ ಅದನ್ನು ಹಾಕುವುದೇ ಬೂಷ್ಟು ಬರದಿರಲೆಂದು. ಕಡಲೆಕಾಯಿಯ ಬೂಷ್ಟಿನ ಭಯ ಮಾತ್ರ ಪೂರ್ತಿ ಹುಸಿಯಲ್ಲ. ಸರಿಯಾಗಿ ಒಣಗಿಸದ ಶೇಂಗಾದಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು, ಯಕೃತ್ತಿಗೆ ಕೇಡಾದ ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. ಅದಕ್ಕೆ ಪರಿಹಾರ ಮುಗ್ಗಲು ಬೀಜವನ್ನು ಆರಿಸಿ ಎಸೆಯುವುದು. ಕ್ಯಾಂಡಿಡಾಕ್ಕೂ ಅದಕ್ಕೂ ಸಂಬಂಧವಿಲ್ಲ. ಹುದುಗಿದ ಪದಾರ್ಥಗಳ ಹತ್ತಿರ ಬಂದಾಗ ಪಥ್ಯ ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ. ಹುದುಗು ಬೇಡವೆನ್ನುವ ಪಟ್ಟಿಯೇ ಮೊಸರು ತಿನ್ನಿ ಎನ್ನುತ್ತದೆ, ಮೊಸರಾದರೋ ಬ್ಯಾಕ್ಟೀರಿಯಾಗಳು ಹುದುಗಿಸಿದ ಹಾಲು. ಇಂಥ ಪಟ್ಟಿಯನ್ನು ಕನ್ನಡನಾಡಿನ ಅಡುಗೆಮನೆಗೆ ತಂದರೆ ಮೊದಲ ಬಲಿ ಇಡ್ಲಿ ದೋಸೆ. ಆ ಹಿಟ್ಟು ಹುಳಿಯುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮತ್ತು ಲ್ಯಾಕ್ಟಿಕ್ ಆಮ್ಲದ ಇತರ ಬ್ಯಾಕ್ಟೀರಿಯಾಗಳಿಂದ. ಇಡ್ಲಿ ಆವಿಯಲ್ಲಿ, ದೋಸೆ ಕಾದ ಕಾವಲಿಯ ಮೇಲೆ ಬೆಂದ ಮೇಲೆ ಹಿಟ್ಟಿನ ಯೀಸ್ಟಿನಿಂದ ಆಗಬಹುದಾದದ್ದೇನೂ ಉಳಿದಿರುವುದಿಲ್ಲ.

ಗ್ರಾಹ್ಯ ಪಟ್ಟಿಯಲ್ಲಿ ಹೆಚ್ಚು ಹೊಗಳಿಸಿಕೊಳ್ಳುವುದು ತೆಂಗಿನೆಣ್ಣೆ. ಅದರ ಕ್ಯಾಪ್ರಿಲಿಕ್, ಲಾರಿಕ್ ಆಮ್ಲಗಳು ಗಾಜಿನ ಬಟ್ಟಲಿನಲ್ಲಿ ಯೀಸ್ಟನ್ನು ಕೊಲ್ಲುತ್ತವೆ. 2015ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡವೊಂದು, ತೆಂಗಿನೆಣ್ಣೆ ತುಂಬಿದ ಮೇವು ತಿಂದ ಇಲಿಗಳ ಕರುಳಿನಲ್ಲಿ ಕ್ಯಾಂಡಿಡಾ ಕಡಿಮೆಯಾಯಿತೆಂದು ತೋರಿಸಿತು. ಕುತೂಹಲದ ಫಲಿತಾಂಶ, ಮನುಷ್ಯರಲ್ಲಿ ಪರೀಕ್ಷಿಸಲು ಯೋಗ್ಯವಾದದ್ದು. ಅಷ್ಟರಿಂದಲೇ ದಿನಕ್ಕಿಷ್ಟು ಚಮಚ ಕುಡಿಯಿರಿ ಎನ್ನಲು ಬಾರದು, ಅದರ ಬಹುಪಾಲು ಪರ್ಯಾಪ್ತ ಕೊಬ್ಬು ಎಂಬುದೂ ಲೆಕ್ಕದಲ್ಲಿರಬೇಕು. ಕರಾವಳಿಯ ಮನೆಗಳಲ್ಲಿ ಒಗ್ಗರಣೆಗೆ ಬೀಳುವಷ್ಟು ಎಣ್ಣೆಗೆ ಯಾರ ಸಮರ್ಥನೆಯೂ ಬೇಕಿಲ್ಲ. ಬೆಳ್ಳುಳ್ಳಿಯ ಕಥೆ ಇನ್ನೂ ಸ್ಪಷ್ಟ: ಪ್ರಯೋಗಾಲಯದಲ್ಲಿ ಅದರ ಆಲಿಸಿನ್ ಯೀಸ್ಟನ್ನು ತಡೆಯುತ್ತದೆ, ಆದರೆ ಆಸ್ಟ್ರೇಲಿಯಾದಲ್ಲಿ ಬೆಳ್ಳುಳ್ಳಿ ಗುಳಿಗೆ ನುಂಗಿಸಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆಂಗಸರ ಯೋನಿಯ ಕ್ಯಾಂಡಿಡಾ ಗಣನೀಯವಾಗಿ ತಗ್ಗಲಿಲ್ಲ. ಹಸಿ ಬೆಳ್ಳುಳ್ಳಿಯನ್ನು ಆ ಭಾಗಕ್ಕೆ ನೇರವಾಗಿ ಹಚ್ಚುವ ಸಲಹೆ ಕೆಲವೆಡೆ ಕಾಣುತ್ತದೆ. ಅದು ಚರ್ಮವನ್ನು ಸುಡುತ್ತದೆ. ಪ್ರೊಬಯಾಟಿಕ್‌ಗಳು ಔಷಧದ ಜೊತೆ ಸೇರಿ ಅಲ್ಪಾವಧಿಯಲ್ಲಿ ಒಂದಿಷ್ಟು ನೆರವಾಗಬಹುದೆಂಬ ಸೂಚನೆಗಳಿವೆ, ಪುರಾವೆ ಬಲವಾಗಿಲ್ಲ. ಸಿರಿಧಾನ್ಯಗಳಿಗೆ ಒಪ್ಪಿಗೆ ಕೊಟ್ಟು ಅಕ್ಕಿಯನ್ನು ತೆಗೆದಿಡುವುದು ಸಕ್ಕರೆ ಕಾಯಿಲೆಯ ದೃಷ್ಟಿಯಿಂದ ಒಪ್ಪಬಹುದಾದ ಮಾತು. ಯೀಸ್ಟಿನ ದೃಷ್ಟಿಯಿಂದ ಅಲ್ಲ, ಏಕೆಂದರೆ ನವಣೆ ಸಾಮೆಗಳೂ ರಾಗಿಯೂ ಬಹುಪಾಲು ಪಿಷ್ಟವೇ. ರಾಗಿಯ ನಿಜವಾದ ಹೆಚ್ಚುಗಾರಿಕೆ ಅದರ ನಾರು ಮತ್ತು ಸುಣ್ಣದಂಶ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಹಾಗಿದ್ದರೆ ಪಥ್ಯ ಮಾಡಿದ ಎಷ್ಟೋ ಜನ ಹಗುರವಾದೆವು ಎನ್ನುವುದು ಸುಳ್ಳೇ? ಸುಳ್ಳಾಗಬೇಕಿಲ್ಲ. ಬೇಕರಿ ತಿಂಡಿ, ತಂಪು ಪಾನೀಯ, ಮದ್ಯ, ರಾತ್ರಿ ಹತ್ತರ ಕುರುಕಲು ಇವೆಲ್ಲವನ್ನೂ ಒಮ್ಮೆಗೇ ಬಿಟ್ಟು ಸೊಪ್ಪು ತರಕಾರಿ ತಿಂದವರಿಗೆ ಹಗುರವೆನಿಸದಿದ್ದರೇ ಆಶ್ಚರ್ಯ. ಗೋಧಿ, ಈರುಳ್ಳಿ, ಕೆಲವು ಹಣ್ಣುಗಳಲ್ಲಿ ದೊಡ್ಡ ಕರುಳಿಗಿಳಿದು ಗಾಳಿ ಹುಟ್ಟಿಸುವ ಸಕ್ಕರೆಗಳಿವೆ. ಹಾಲಿನ ಲ್ಯಾಕ್ಟೋಸ್ ಅನೇಕರಿಗೆ ಒಗ್ಗದು. ಇವು ತಟ್ಟೆಯಿಂದ ಹೋದಾಗ ಹೊಟ್ಟೆಯುಬ್ಬರ ಇಳಿಯುತ್ತದೆ, ಆ ಕೀರ್ತಿ ಯೀಸ್ಟ್ ಸತ್ತದ್ದಕ್ಕೆ ಸಲ್ಲುತ್ತದೆ. ಎರಡನ್ನೂ ಬೇರ್ಪಡಿಸಲು ಬೇಕಾದದ್ದು ಪಥ್ಯವನ್ನು ಇನ್ನೊಂದು ಒಳ್ಳೆಯ ಊಟದ ಜೊತೆ ತೂಗುವುದು. ಬ್ರಿಟನ್‌ನಲ್ಲಿ ದೀರ್ಘಕಾಲದ ದಣಿವಿನ ಕಾಯಿಲೆಯಿದ್ದ 52 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಕ್ಕರೆಯೂ ಯೀಸ್ಟೂ ಕಡಿಮೆಯಿರುವ ಪಥ್ಯ, ಇನ್ನೊಂದಕ್ಕೆ ಸಾಮಾನ್ಯ ಆರೋಗ್ಯಕರ ಊಟ ಕೊಟ್ಟು 24 ವಾರ ನೋಡಲಾಯಿತು. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ದಣಿವಿನಲ್ಲಾಗಲಿ ಬದುಕಿನ ಗುಣಮಟ್ಟದಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಠಿಣ ಪಥ್ಯವನ್ನು ಹಲವರು ಸರಿಯಾಗಿ ಪಾಲಿಸಲೂ ಆಗಲಿಲ್ಲ. ಪಥ್ಯದ ಮೊದಲ ವಾರದ ತಲೆನೋವು ಸುಸ್ತುಗಳಿಗೆ ಪ್ರಚಾರಕರು ಕೊಡುವ ವಿವರಣೆ, ಸಾಯುತ್ತಿರುವ ಯೀಸ್ಟ್ ವಿಷ ಕಾರುತ್ತಿದೆ ಎಂಬುದು. ಸಿಫಿಲಿಸ್‌ನಂಥ, ಸುರುಳಿ ಬ್ಯಾಕ್ಟೀರಿಯಾಗಳಿಂದ ಬರುವ ಕಾಯಿಲೆಗಳ ಚಿಕಿತ್ಸೆಯಲ್ಲಿ ಕಾಣುವ ಯಾರಿಶ್-ಹೆರ್ಕ್ಸ್‌ಹೈಮರ್ ಪ್ರತಿಕ್ರಿಯೆಯಿಂದ ಎರವಲು ತಂದ ವಿವರಣೆ ಅದು. ಕಾಫಿ ಮತ್ತು ಪಿಷ್ಟ ಒಟ್ಟಿಗೇ ನಿಂತರೆ ತಲೆ ನೋಯಲು ಅಷ್ಟು ದೂರದ ಕಾರಣ ಬೇಕಿಲ್ಲ. ಒಳ್ಳೆಯದೆನಿಸಿದರೆ ಪಥ್ಯ ಫಲಿಸಿದೆ, ಕೆಟ್ಟದ್ದೆನಿಸಿದರೂ ಫಲಿಸಿದೆ ಎನ್ನುವ ಸಿದ್ಧಾಂತವನ್ನು ಯಾವ ಅನುಭವವೂ ಸುಳ್ಳಾಗಿಸಲಾರದು. ಬೆಳಗ್ಗೆ ಲೋಟದ ನೀರಿಗೆ ಉಗುಳಿ ಎಳೆ ಇಳಿಯುವುದನ್ನು ನೋಡುವ ಮನೆಪರೀಕ್ಷೆಯೂ ಇದೇ ಜಾತಿಯದು. ಅದು ತೋರಿಸುವುದು ಜೊಲ್ಲು ಎಷ್ಟು ಮಂದವಾಗಿದೆ ಎಂಬುದನ್ನಷ್ಟೆ.

ಪಥ್ಯದಿಂದ ಲಾಭವಿಲ್ಲದಿದ್ದರೂ ನಷ್ಟವೇನು ಎಂಬ ಮಾತಿಗೆ ಭಾರತದಲ್ಲಿ ಉತ್ತರ ಸುಲಭ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸದಾ ದಣಿವು, ತಲೆಸುತ್ತು, ಮಂಕು ಎನ್ನುವ ಹೆಂಗಸಿನ ಹಿಮೋಗ್ಲೋಬಿನ್ ನೋಡದೆ ಕರುಳಿನ ಯೀಸ್ಟನ್ನು ದೂರಿದರೆ, ಕಬ್ಬಿಣದ ಗುಳಿಗೆಯಿಂದ ಕೆಲವು ತಿಂಗಳಲ್ಲಿ ತಿದ್ದಬಹುದಾದ ತೊಂದರೆ ಹಾಗೇ ಉಳಿಯುತ್ತದೆ. ಥೈರಾಯ್ಡ್ ಕೊರತೆ, ಬಿ12 ಕೊರತೆ, ಮಧುಮೇಹ, ಖಿನ್ನತೆ ಎಲ್ಲಕ್ಕೂ ಇದೇ ಮಾತು. ಸಸ್ಯಾಹಾರಿಗಳಿಗೆ ಇದು ಇನ್ನಷ್ಟು ಬಿಗಿ. ಪಾಶ್ಚಾತ್ಯ ಪಟ್ಟಿಯಲ್ಲಿ ಮೀನು ಮಾಂಸ ತುಂಬುವ ಜಾಗವನ್ನು ಇಲ್ಲಿ ತುಂಬಬೇಕಾದದ್ದು ಬೇಳೆಕಾಳು. ಕೆಲವು ಕಟ್ಟುನಿಟ್ಟಿನ ಪಟ್ಟಿಗಳು ಅವನ್ನೂ ಪಿಷ್ಟವೆಂದು ದೂರವಿಡುತ್ತವೆ. ತೊಗರಿ, ಹೆಸರು, ಹುರುಳಿ, ಹಣ್ಣು, ಅನ್ನ ಎಲ್ಲ ಹೋದ ಮೇಲೆ ಗರ್ಭಿಣಿಗಾಗಲಿ ಬೆಳೆಯುವ ಮಗುವಿಗಾಗಲಿ ಸಾಕಾಗುವಷ್ಟು ಊಟ ಉಳಿಯುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಪಿಷ್ಟ ನಿಲ್ಲಿಸಿದರೆ ರಕ್ತದ ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಪಟ್ಟಿಯಿಂದ ಉಳಿಸಿಕೊಳ್ಳಬಹುದಾದದ್ದೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳ ಸಕ್ಕರೆ ದಿನದ ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಇರಲಿ, ಶೇಕಡ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ವಯಸ್ಕರಿಗೆ ಆ ಶೇಕಡ 5 ಅಂದರೆ ಸುಮಾರು 25 ಗ್ರಾಂ, ಐದಾರು ಚಮಚ. ಬೆಲ್ಲವೂ ಬಹುಪಾಲು ಸುಕ್ರೋಸೇ ಆದ್ದರಿಂದ ಅದೂ ಈ ಲೆಕ್ಕದೊಳಗೆ. ಈ ಮಿತಿಗೆ ಕಾರಣ ಹಲ್ಲು ಮತ್ತು ತೂಕ. ಇಡಿಯಾಗಿ ತಿನ್ನುವ ಹಣ್ಣನ್ನು ಅದು ಮುಟ್ಟುವುದಿಲ್ಲ. ಮೈದಾದ ಬದಲು ರಾಗಿ, ಜೋಳ, ನವಣೆ, ಪಾಲಿಶ್ ಕಡಿಮೆಯಿರುವ ಅಕ್ಕಿ, ಜೊತೆಗೆ ಬೇಳೆಕಾಳು, ಹೀರೆ, ಸೋರೆ, ಹಾಗಲ, ನುಗ್ಗೆ ಮತ್ತು ದಂಟಿನ ಸೊಪ್ಪು, ಒಂದು ಬಟ್ಟಲು ಮೊಸರು, ಒಂದೆರಡು ಹಣ್ಣು: ಪಥ್ಯದ ಒಳ್ಳೆಯ ಭಾಗವೆಲ್ಲ ಇಷ್ಟರಲ್ಲಿ ಬಂದುಬಿಡುತ್ತದೆ, ಯೀಸ್ಟಿನ ಹೆಸರೆತ್ತುವ ಅಗತ್ಯವಿಲ್ಲದೆ. ನಿಜವಾದ ಸೋಂಕಿದ್ದವರಿಗೆ ಊಟಕ್ಕಿಂತ ಹೊರಗಿನ ಎಚ್ಚರಗಳೇ ಹೆಚ್ಚು ಕೆಲಸ ಮಾಡುತ್ತವೆ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ನೆಗಡಿಯಂಥ ವೈರಸ್ ಕಾಯಿಲೆಗೆ ಔಷಧದಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವುದನ್ನು ನಿಲ್ಲಿಸಬೇಕು. ಯೋನಿಯ ತುರಿಕೆ ಮತ್ತೆ ಮತ್ತೆ ಮರಳಿದರೆ ಅದೇ ಮುಲಾಮನ್ನು ಊಹೆಯ ಮೇಲೆ ಹಚ್ಚುವ ಬದಲು ಸ್ರಾವದ ಮಾದರಿ ಕೊಟ್ಟು, ಅದು ಯೀಸ್ಟೇ ಹೌದೇ, ಹೌದಾದರೆ ಯಾವ ಜಾತಿಯದು ಎಂದು ಪರೀಕ್ಷಿಸಬೇಕು. ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್‌ಗೆ ಆಲ್ಬಿಕನ್ಸ್ ಬಹುಮಟ್ಟಿಗೆ ಬಗ್ಗುತ್ತದೆ. ಕ್ಯಾಂಡಿಡಾ ಗ್ಲಾಬ್ರಾಟ ಅನೇಕ ವೇಳೆ ಬಗ್ಗುವುದಿಲ್ಲ, ಕ್ರುಸೈ ಜಾತಿಗೆ ಆ ಔಷಧ ಸ್ವಭಾವತಃ ನಾಟುವುದೇ ಇಲ್ಲ, ಅವಕ್ಕೆ ವೈದ್ಯರು ಬೇರೆ ಔಷಧ ಆರಿಸಬೇಕಾಗುತ್ತದೆ.